ಕೊಲಾಬಾದಲ್ಲಿ ಹುಟ್ಟಿದ ಸುಹೈಲಿ

ಪವಾಯಿ ಕೆರೆ ಕೋಡಿ ಬಿದ್ದರೆ ಅದರ ನೀರು ಮಿಠಿ ನದಿಯಾಗಿ ಹರಿದು ಮಾಹಿಮ್‌ನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಕೆರೆದಂಡೆಯಲ್ಲಿ ಸಂಜೆ ಅಡ್ಡಾಡುವ ನಮಗೆ ಆ ಸಮುದ್ರದ ನೆನಪಾಗುವುದು ಅಪರೂಪ. ಒಬ್ಬನೇ ಮನುಷ್ಯ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿಬಂದ ಮೊದಲ ಹಾಯಿದೋಣಿ ಹುಟ್ಟಿದ್ದು ಇದೇ ಮುಂಬೈಯಲ್ಲಿ, ಕೊಲಾಬಾದ ಕಾರ್ಖಾನೆಯೊಂದರಲ್ಲಿ.

ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಇಲ್ಲಿ ದೋಣಿ ಕಟ್ಟಿಸಲು ಹೊರಟರು. ನಕ್ಷೆ ಅಮೆರಿಕದ ವಿಲಿಯಂ ಅಟ್ಕಿನ್‌ದು. ಅದರ ಮೂಲ ನಾರ್ವೆಯ ಜೀವರಕ್ಷಕ ದೋಣಿ. ಮರ ಮಾತ್ರ ನಮ್ಮ ಸಾಗುವಾನಿ, ಕೈಗಳು ನಮ್ಮ ಬಡಗಿಗಳವು. ಬಾಚಿಯಿಂದ ಕೆತ್ತಿ, ಬಿಲ್ಲಿನಂತೆ ಎಳೆಯುವ ಬೈರಿಗೆಯಿಂದ ತೂತು ಕೊರೆದು ಅವರು ಹಲಗೆ ಕೂಡಿಸಿದರು. 1964ರ ಡಿಸೆಂಬರಿನಲ್ಲಿ ತೆಂಗಿನಕಾಯಿ ಒಡೆದು ದೋಣಿಯನ್ನು ನೀರಿಗಿಳಿಸಲಾಯಿತು. ಉದ್ದ 32 ಅಡಿ. ದೊಡ್ಡ ಬೆಸ್ಟ್ ಬಸ್ಸಿಗಿಂತ ಗಿಡ್ಡ. ಕೊಲ್ಲಿಯ ನಾವಿಕರು ಆಗ್ನೇಯದ ಗಾಳಿಗೆ ಇಟ್ಟ ಹೆಸರೇ ಅದಕ್ಕೂ ಬಂತು: ಸುಹೈಲಿ. ಅರಬರ ಸುಹೈಲ್ ನಕ್ಷತ್ರ ನಮಗೆ ಅಗಸ್ತ್ಯ. ಸಮುದ್ರವನ್ನೇ ಕುಡಿದ ಋಷಿಯ ಹೆಸರು ಹೀಗೆ ಹತ್ತಿರ ಸುಳಿದದ್ದು ನನಗೆ ಬಲು ಇಷ್ಟ.

ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತುವ ಸ್ಪರ್ಧೆಗಾಗಿ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಸುಹೈಲಿ ಹೊರಟಿತು. ಅಟ್ಲಾಂಟಿಕ್‌ನಲ್ಲಿ ತಳದ ಸಂದಿಯಿಂದ ನೀರು ಒಸರತೊಡಗಿದಾಗ ನಾಕ್ಸ್-ಜಾನ್‌ಸ್ಟನ್ ಕಡಲಿಗೆ ಧುಮುಕಿ, ಉಸಿರು ಬಿಗಿಹಿಡಿದು, ಸಂದಿಗೆ ಹತ್ತಿ ತುರುಕಿದರು. ರೇಡಿಯೊ ಕೆಟ್ಟಿತು. ಒಡೆಯ ಮಲಗಿದಾಗ ಗಾಳಿಯ ಬಲದಿಂದಲೇ ದಿಕ್ಕು ಕಾಯುವ ಉಪಕರಣ ಮುರಿಯಿತು. ಸಾಗುವಾನಿ ಹಲಗೆಗಳು ಮಾತ್ರ ಕೈಬಿಡಲಿಲ್ಲ. 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು ದೋಣಿ ಫಾಲ್ಮತ್‌ಗೆ ಮರಳಿತು. ಆ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ.

ಇಂಥ ಯಾನವನ್ನು ಭಾರತೀಯರೂ ಮಾಡಬೇಕೆಂಬ ಹಟ ಹಿಡಿದವರು ಮುಂಬೈಯ ಪಶ್ಚಿಮ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಮನೋಹರ ಆವಟಿ. ನಿವೃತ್ತರಾಗಿ ಎರಡು ದಶಕ ಕಳೆದರೂ ಅವರು ಬೆನ್ನು ಬಿಡಲಿಲ್ಲ. ಗೋವಾದ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ 56 ಅಡಿಯ ದೋಣಿ ಕಟ್ಟಿಕೊಟ್ಟರು. ಹೆಸರು ‘ಮ್ಹಾದೇಯಿ’. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರೇ ಅದು. ನೀರಿನ ಜಗಳದಲ್ಲಷ್ಟೇ ಆ ಹೆಸರು ಕೇಳಿದ ನಾವು ಇದನ್ನೂ ತಿಳಿದಿರಬೇಕು.

2009ರ ಆಗಸ್ಟ್ 19ರಂದು ಈ ದೋಣಿಯಲ್ಲಿ ಮುಂಬೈ ಬಿಟ್ಟ ನೌಕಾಪಡೆಯ ಅಧಿಕಾರಿ ದಿಲೀಪ್ ದೊಂದೆ, ನಾಲ್ಕು ಕಡೆ ತಂಗಿ, ಒಂಬತ್ತು ತಿಂಗಳಲ್ಲಿ ಒಬ್ಬರೇ ಭೂಮಿ ಸುತ್ತಿಬಂದರು. ಅದೇ ದೋಣಿಯಲ್ಲಿ ನೌಕಾಪಡೆಯವರೇ ಆದ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಹೊರಟು, ಎಲ್ಲೂ ನಿಲ್ಲದೆ ಮರುವರ್ಷ ಮಾರ್ಚ್ 31ಕ್ಕೆ ಮುಂಬೈ ಮುಟ್ಟಿದರು.

ಸುಹೈಲಿಯ ಯಾನಕ್ಕೆ 50 ವರ್ಷ ತುಂಬಿದಾಗ ಹಳೆಯ ಕಾಲದ ಸಲಕರಣೆಗಳಿಂದಲೇ ಮತ್ತೆ ಸ್ಪರ್ಧೆ ನಡೆಯಿತು. ಟೋಮಿ ಏರಿದ್ದು ಗೋವಾದಲ್ಲಿ ಕಟ್ಟಿದ ‘ತುರಿಯಾ’, ಸುಹೈಲಿಯದೇ ಪಡಿಯಚ್ಚು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಕೂವೆಮರ ಮುರಿದು, ಅವರ ಬೆನ್ನುಮೂಳೆಗೂ ಪೆಟ್ಟಾಯಿತು. ಮೂರು ದಿನಗಳ ಮೇಲೆ ಫ್ರೆಂಚ್ ಹಡಗು ಅವರನ್ನು ಎತ್ತಿಕೊಂಡಿತು. ಅದೇ ಬೆನ್ನಿನಲ್ಲಿ 2022ರ ಸ್ಪರ್ಧೆಗೆ ಹೋಗಿ 236 ದಿನ ಕಡಲಲ್ಲಿ ಕಳೆದು ಎರಡನೆಯವರಾದರು.

ಮಕ್ಕಳೊಂದಿಗೆ ಗೇಟ್‌ವೇಗೆ ಹೋದಾಗ ಕೊಲಾಬಾದ ದಿಕ್ಕಿಗೆ ಕೈ ತೋರಿಸಿ ಈ ಕಥೆ ಹೇಳಿ. ಬಾಚಿ ಹಿಡಿದಿದ್ದ ಆ ಬಡಗಿಗಳಿಂದಲೇ ಶುರುಮಾಡಿ.