ಕಿಟಕಿ ಮುಚ್ಚುವುದೂ ಬೀಗದ ಕೈ ಒಪ್ಪಿಸುವುದೂ

2023ರ ರಾಜ್ಯೋತ್ಸವದ ದಿನ ನಮ್ಮ ಸಂಘದಲ್ಲಿ ವಾರ್ಷಿಕ ಚಂದಾ ಕಟ್ಟಲು ನಿಂತ ಸಾಲು ಮೆಟ್ಟಲಿಳಿದು ರಸ್ತೆಯವರೆಗೆ ಬಂದಿದ್ದುದನ್ನು ವಾಚಕರಲ್ಲಿ ಕೆಲವರಾದರೂ ಮರೆತಿರಲಾರರು. ಒಳಗೆ ಬಿಸಿಬೇಳೆಭಾತು ಆರುತ್ತಿತ್ತು, ಹೊರಗೆ ಮಕ್ಕಳು ಅಳುತ್ತಿದ್ದವು. ಮೇಜಿನ ಮೇಲಿನ ಗಣಕಯಂತ್ರವು 242ನೆಯ ರಸೀದಿಯನ್ನು ಕೊಟ್ಟು, 243ನೆಯದಕ್ಕೆ, ಹೊಸ ಕಿಟಕಿಯನ್ನು ನಿರ್ಮಿಸುವುದು ತನ್ನಿಂದಾಗದೆಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯವನ್ನು ತೋರಿಸಿ ಸುಮ್ಮನಾಯಿತು. ಯಾವ ಗುಂಡಿಯನ್ನೊತ್ತಿದರೂ ಅಲುಗದು. ಕಡೆಗೆ ಟಾಸ್ಕ್ ಮ್ಯಾನೇಜರಿನ ಮೂಲಕ ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸಿ, ಮತ್ತೆ ಹೊರಡಿಸಿದೆವು. ಸಾಲು ಮುಂದುವರಿಯಿತು, ಊಟವೂ ಆಯಿತು.

ನಿಜವಾದ ಫಜೀತಿ ತಿಳಿದದ್ದು ರಾತ್ರಿ. ಪೆಟ್ಟಿಗೆಯಲ್ಲಿ ಲೆಕ್ಕಕ್ಕಿಂತ 5,500 ರೂಪಾಯಿ ಹೆಚ್ಚಿಗೆ ಇತ್ತು. ನಮ್ಮ ಖಜಾಂಚಿಗಳು ಮೂರು ಸಲ ಎಣಿಸಿದರು. ಹಣ ಕಡಿಮೆಯಾಗಿದ್ದರೆ ಕೈಯಿಂದ ಕಟ್ಟಿ ಬಿಡುತ್ತಿದ್ದೆ, ಹೆಚ್ಚಾದದ್ದನ್ನು ಯಾರಿಗೆಂದು ಕೊಡಲಿ, ಎಂದು ಆ ಹಿರಿಯರು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮರುದಿನ ಇಬ್ಬರು ಸದಸ್ಯರು ಒಂದೇ ನಂಬರಿನ ರಸೀದಿಯನ್ನು ಹಿಡಿದು ಬಂದರು. ಹುಡುಕಲಾಗಿ, 232ರಿಂದ 242ರವರೆಗಿನ ಹನ್ನೊಂದು ನಂಬರುಗಳು ಎರಡೆರಡು ಸಲ ಹೋಗಿದ್ದವು. ಮೊದಲನೆಯ ಹನ್ನೊಂದು ಮಂದಿಯ ಹೆಸರು ಲೆಕ್ಕದ ಕಡತದಲ್ಲಿ ಇರಲೇ ಇಲ್ಲ.

ಪ್ರೋಗ್ರಾಮನ್ನು ಬರೆದುಕೊಟ್ಟವನು ನಮ್ಮವನೇ ಆದ ಒಬ್ಬ ತರುಣ, ಬಿಟ್ಟಿಯಾಗಿ ದುಡಿದವನು. ಅವನೊಡನೆ ಎರಡು ಭಾನುವಾರ ಕುಳಿತು ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಕುಟುಂಬಗಳಲ್ಲಿ ಈ ಉದ್ಯೋಗದವರು ಮನೆಗೊಬ್ಬರಿದ್ದಾರೆ, ಅವರಿಗೆ ಇದು ಹಳೆಯ ಸಂಗತಿ. ಉಳಿದವರಿಗೆ ಹೊಸದಾದೀತು.

ಪರಸ್ಥಳದಲ್ಲಿ ಬಾಡಿಗೆ ಮನೆಯಲ್ಲಿದ್ದ ಯಾರಿಗೂ ಬೇರೆ ಹೋಲಿಕೆ ಬೇಕಾಗಿಲ್ಲ. ಬಾಗಿಲಿಗೆ ಬೀಗ ಜಡಿದು ಹೊರಟುಬಿಟ್ಟರೆ ಮನೆ ಖಾಲಿ ಮಾಡಿದಂತಾಗದು. ಬೀಗದ ಕೈ ಮಾಲೀಕನ ಕೈ ಸೇರಬೇಕು, ವಿದ್ಯುತ್ತಿನ ಬಾಕಿ ಸಲ್ಲಬೇಕು. ಇಲ್ಲವಾದರೆ ಒಳಗೆ ಯಾರೂ ಇರದಿದ್ದರೂ ಆ ಮನೆ ಇನ್ನೊಬ್ಬರಿಗೆ ದೊರೆಯದು. ಪರದೆಯ ಮೇಲಿನ ಕಿಟಕಿಗೂ ಇದೇ ನ್ಯಾಯ. ನಮ್ಮ ತರುಣನು ರಸೀದಿಯ ಕಿಟಕಿಗೆ ‘ಕ್ಲೋಸ್’ ಎನ್ನುವ ಬದಲು ‘ಹೈಡ್’ ಎಂದಿದ್ದ. ನೋಡುವವರಿಗೆ ಎರಡೂ ಒಂದೇ, ಕಿಟಕಿ ಕಾಣೆಯಾಗುತ್ತದೆ. ಆದರೆ ಮರೆಯಾದದ್ದು ಒಳಗೆ ಜೀವಂತವಾಗಿಯೇ ಕುಳಿತಿತ್ತು, ಮುಂದಿನ ಸದಸ್ಯರಿಗೆ ಮತ್ತೊಂದು ಹೊಸ ಕಿಟಕಿ ಹುಟ್ಟುತ್ತಿತ್ತು.

ವಿಂಡೋಸ್ ವ್ಯವಸ್ಥೆಯಲ್ಲಿ ಕಿಟಕಿಯೊಳಗಿನ ಪ್ರತಿ ಗುಂಡಿ, ಪ್ರತಿ ಬರಹದ ಚೌಕವೂ ಸಾಮಾನ್ಯವಾಗಿ ತಾನೇ ಒಂದು ಪುಟ್ಟ ಕಿಟಕಿ. ಪ್ರತಿಯೊಂದಕ್ಕೂ ವ್ಯವಸ್ಥೆಯಿಂದ ಒಂದು ಹಿಡಿಕೆ ಬೇಕು. ಒಂದು ಪ್ರೋಗ್ರಾಮಿಗೆ ಇಂಥ ಹಿಡಿಕೆಗಳು ಸಾಧಾರಣವಾಗಿ 10,000ಕ್ಕೆ ಮೀರಿ ಸಿಕ್ಕುವುದಿಲ್ಲ. ರಸೀದಿಯ ಕಿಟಕಿಯಲ್ಲಿ ಸುಮಾರು ನಲವತ್ತು ಚೌಕಗಳಿದ್ದವು. ಭಾಗಿಸಿ ನೋಡಿದರೆ 250, ಮುಖ್ಯ ಕಿಟಕಿಯ ಪಾಲನ್ನು ಕಳೆದರೆ ನಮ್ಮ 242! ಸಾಮಾನ್ಯ ದಿನಗಳಲ್ಲಿ ಹತ್ತೋ ಹದಿನೈದೋ ರಸೀದಿ ಕೊಟ್ಟು ಸಂಜೆ ಯಂತ್ರ ಆರಿಸುತ್ತಿದ್ದುದರಿಂದ ಈ ದೋಷ ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರೋಗ್ರಾಮು ಮುಗಿದೊಡನೆ ಅದು ಹಿಡಿದಿದ್ದುದೆಲ್ಲವನ್ನೂ ಇಂದಿನ ವಿಂಡೋಸ್ ತಾನಾಗಿಯೇ ಕಿತ್ತುಕೊಳ್ಳುತ್ತದೆ. 1992ರ ವಿಂಡೋಸ್ 3.1ರಲ್ಲಿ ಈ ದಾಕ್ಷಿಣ್ಯವೂ ಪೂರ್ತಿ ಇರಲಿಲ್ಲ. ಒಂದು ಪ್ರೋಗ್ರಾಮು ಬಿಟ್ಟುಹೋದ ಕುಂಚ, ಲೇಖನಿಗಳ ಭಾರವನ್ನು, ಯಂತ್ರವನ್ನು ಮತ್ತೆ ಚಾಲೂ ಮಾಡುವವರೆಗೆ ಉಳಿದವೆಲ್ಲ ಹೊರಬೇಕಾಗುತ್ತಿತ್ತು.

ಡಾಟ್ ನೆಟ್‌ನಲ್ಲಿ ಕಸ ಗುಡಿಸುವ ಏರ್ಪಾಡು ಇದೆಯಲ್ಲ, ಅದೇಕೆ ಗುಡಿಸಲಿಲ್ಲ, ಎಂದು ಬಲ್ಲವರು ಕೇಳಬಹುದು. ನಾವೂ ಕೇಳಿದೆವು. ಮನೆಯಲ್ಲಿ ಯಾರಾದರೂ ‘ಅದು ನನ್ನದು’ ಎನ್ನುತ್ತಿರುವವರೆಗೆ ಯಾವ ಜಾಡಮಾಲಿಯೂ ಒಂದು ವಸ್ತುವನ್ನು ಹೊರಗೆಸೆಯಲಾರ. ಸದಸ್ಯರ ಪಟ್ಟಿ ಬದಲಾದಾಗ ತಿಳಿಸಬೇಕೆಂದು ಪ್ರತಿ ರಸೀದಿ ಕಿಟಕಿಯೂ ಮುಖ್ಯ ಕಿಟಕಿಯಲ್ಲಿ ತನ್ನ ಹೆಸರು ಬರೆಸಿತ್ತು, ಹೋಗುವಾಗ ಹೆಸರು ತೆಗೆಸಲಿಲ್ಲ. ಅದಲ್ಲದೆ ಈ ಏರ್ಪಾಡು ಗಮನಿಸುವುದು ನೆನಪಿನ ಕೋಶದ ಇಕ್ಕಟ್ಟನ್ನೇ ಹೊರತು ಹಿಡಿಕೆಗಳ ಕೊರತೆಯನ್ನಲ್ಲ. ಜಾವಾದ ಸ್ವಿಂಗ್‌ನಲ್ಲಂತೂ ಮೂಲೆಯ ಗುಣಾಕಾರದ ಗುರುತನ್ನು ಒತ್ತಿದರೆ, ಬೇರೆ ಆಜ್ಞೆ ಇಲ್ಲದಿದ್ದಲ್ಲಿ, ಕಿಟಕಿ ಮರೆಯಾಗುವುದಷ್ಟೆ. ಪ್ರೋಗ್ರಾಮು ಕಾಣದಂತೆ ನಡೆಯುತ್ತಲೇ ಇರುತ್ತದೆ. ಹೀಗೇಕೆ ಮಾಡಿದರೋ, ನಮಗಂತೂ ಒಪ್ಪಿಗೆಯಿಲ್ಲ.

ಇನ್ನು ಕಳೆದುಹೋದ ಹನ್ನೊಂದು ಹೆಸರು. ಕಡತಕ್ಕೆ ಬರೆದದ್ದು ಆ ಕ್ಷಣವೇ ತಟ್ಟೆಯನ್ನು ಮುಟ್ಟುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಒಂದು ಬೋಗುಣಿಯಲ್ಲಿ ಕೂಡಿ, ತುಂಬಿದಾಗಲೋ ಕಡತವನ್ನು ಮುಚ್ಚಿದಾಗಲೋ ಒಟ್ಟಿಗೆ ಹೋಗುತ್ತದೆ. ಬೆಳಗ್ಗೆ ತೆರೆದ ಕಡತವನ್ನು ಸಂಜೆ ಮುಚ್ಚುವ ರೂಢಿ ಆ ಪ್ರೋಗ್ರಾಮಿನದು. ನಾವು ನಡುವೆಯೇ ಕತ್ತು ಹಿಸುಕಿದ್ದರಿಂದ ಬೋಗುಣಿಯಲ್ಲಿದ್ದದ್ದು ಮಣ್ಣುಪಾಲಾಯಿತು.

ತಿದ್ದುಪಡಿ ಹೆಚ್ಚಿನದೇನಲ್ಲ. ‘ಹೈಡ್’ ಇದ್ದಲ್ಲಿ ‘ಕ್ಲೋಸ್’ ಬಂತು, ಮುಖ್ಯ ಕಿಟಕಿಯಲ್ಲಿ ಬರೆಸಿದ ಹೆಸರನ್ನು ಹೋಗುವಾಗ ತೆಗೆಸಲಾಯಿತು. ಕಡತವನ್ನು ಸಿ ಶಾರ್ಪ್ ಭಾಷೆಯ ‘ಯೂಸಿಂಗ್’ ಎಂಬ ಕಟ್ಟಿನೊಳಗೆ ಇಟ್ಟದ್ದರಿಂದ ಪ್ರತಿ ರಸೀದಿಗೂ ತೆರೆದು, ನಡುವೆ ತಪ್ಪು ಸಂಭವಿಸಿದರೂ ಮುಚ್ಚಿಯೇ ಹೊರಬರುತ್ತದೆ. ಆಮೇಲೆ ರಸೀದಿಯ ಕಿಟಕಿಯನ್ನು 1,000 ಸಲ ತೆರೆದು ಮುಚ್ಚಿಸಿ, ಟಾಸ್ಕ್ ಮ್ಯಾನೇಜರಿನ ವಿವರದ ಪುಟದಲ್ಲಿ ‘ಯೂಸರ್ ಆಬ್ಜೆಕ್ಟ್ಸ್’ ಎಂಬ ಅಂಕಣವನ್ನು ನೋಡುತ್ತ ಕುಳಿತೆವು. ಸಂಖ್ಯೆ ಏರಿತು, ಇಳಿದು ಹೊರಟಲ್ಲಿಗೇ ಬಂದು ನಿಂತಿತು.

ಹನ್ನೊಂದು ಮಂದಿಗೂ ಹೊಸ ನಂಬರಿನ ರಸೀದಿಯನ್ನು ಮನೆಗೇ ತಲಪಿಸಲಾಗಿದೆ. 2024ರ ರಾಜ್ಯೋತ್ಸವದಂದು 300 ರಸೀದಿಗಳು ತಡೆಯಿಲ್ಲದೆ ಹೋದುವು. ಖಜಾಂಚಿಗಳು ಮಾತ್ರ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಇಟ್ಟುಕೊಂಡೇ ಕುಳಿತಿದ್ದರು.