ನೀರುಬಣ್ಣದಲ್ಲಿ ಹಬ್ಬದ ಬೆಳಕು

ಹಬ್ಬ ಬಂತೆಂದರೆ ನಮ್ಮ ಮನೆಗಳಲ್ಲಿ ಬಣ್ಣಕ್ಕೆ ಕೊರತೆಯಿಲ್ಲ. ಹೊಸಿಲಿಗೆ ಅರಿಶಿನ ಕುಂಕುಮ, ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗವಲ್ಲಿ. ಆದರೆ ಚುಕ್ಕಿಗೆ ಚುಕ್ಕಿ ತಪ್ಪದಂತೆ ದಿನವೂ ರಂಗವಲ್ಲಿ ಇಡುವ ತಾಯಂದಿರೇ, ಕೈಗೊಂದು ಕುಂಚ ಕೊಟ್ಟರೆ, "ನಮಗೆಲ್ಲಿ ಚಿತ್ರ ಬರುತ್ತದೆ!" ಎಂದು ಹಿಂಜರಿಯುತ್ತಾರೆ. ಗಂಡಸರೂ ಅಷ್ಟೆ, ಶಾಲೆ ಬಿಟ್ಟ ದಿನವೇ ಬಣ್ಣದ ಪೆಟ್ಟಿಗೆಯನ್ನೂ ಬಿಟ್ಟವರೇ ಹೆಚ್ಚು. ಈ ಹಿಂಜರಿಕೆಗೆ ಕಾರಣ ಕೈಯಲ್ಲಿಲ್ಲ. ನೀರುಬಣ್ಣದ ಸ್ವಭಾವವೇನು ಎಂಬುದನ್ನು ಯಾರೂ ತಿಳಿಯಹೇಳದೆ ಇದ್ದುದರಲ್ಲಿದೆ.

ಆ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳಬಹುದು: ನೀರುಬಣ್ಣದಲ್ಲಿ ಬೆಳಕೆಂದರೆ ಕಾಗದ. ಬಣ್ಣದ ನುಣ್ಣನೆಯ ಪುಡಿಯನ್ನು ಗೋಂದಿನಲ್ಲಿ ಕಲಸಿ ಈ ಬಣ್ಣವನ್ನು ತಯಾರಿಸುತ್ತಾರೆ. ನೀರು ಬೆರೆಸಿ ತೆಳುವಾಗಿ ಹಚ್ಚಿದಾಗ ಬೆಳಕು ಅದನ್ನು ಹಾದು ಹೋಗಿ, ಕೆಳಗಿನ ಬಿಳಿಯ ಕಾಗದಕ್ಕೆ ತಗುಲಿ, ಮತ್ತೆ ಬಣ್ಣದ ಮೂಲಕವೇ ನಮ್ಮ ಕಣ್ಣಿಗೆ ಬರುತ್ತದೆ. ಬಣ್ಣ ದಪ್ಪವಾದಷ್ಟೂ ಈ ದಾರಿ ಮುಚ್ಚುತ್ತದೆ. ಎಣ್ಣೆಬಣ್ಣದವನು ಕೊನೆಯಲ್ಲಿ ಬಿಳಿಯ ಬಣ್ಣವಿಟ್ಟು ಬೆಳಕು ತರಬಲ್ಲ. ನೀರುಬಣ್ಣದವನು ಬೆಳಕಿನ ಜಾಗವನ್ನು ಮೊದಲೇ ಬಿಟ್ಟುಕೊಂಡು ಹೊರಡಬೇಕು. ಎಲ್ಲಿ ಹಚ್ಚಬೇಕು ಎನ್ನುವುದಕ್ಕಿಂತ ಎಲ್ಲಿ ಹಚ್ಚಬಾರದು ಎನ್ನುವುದೇ ಇಲ್ಲಿ ಮುಖ್ಯ.

ಇದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಸಂಗ್ರಹದಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರವಿದೆ. ದೀಪಕ್ಕೆ ಕೈ ಮರೆಮಾಡಿ ನಿಂತ ಆಕೆಯ ಬೆರಳುಗಳ ನಡುವೆ ಕೆಂಪಗೆ ಹೊಮ್ಮುವ ಬೆಳಕನ್ನು ಕಂಡು ಬೆರಗಾಗದವರಿಲ್ಲ. ರವಿವರ್ಮನದೆಂದು ಹೇಳುವವರೂ ಉಂಟು. ಆದರೆ ಅದನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ 1908ರಲ್ಲಿ ಚಿತ್ರಕಲಾ ಶಾಲೆ ತೆರೆದ ಎಸ್. ಎಲ್. ಹಲ್ದಣಕರ್. ದೀಪಾವಳಿಯ ಸಮಯದಲ್ಲಿ ದೀಪ ಹಿಡಿದು ನಿಂತ ಮಗಳು ಗೀತಾ ಅದಕ್ಕೆ ಮಾದರಿ. ಬಳಸಿದ್ದು ನೀರುಬಣ್ಣ! ಅಲ್ಲಿ ಬೆಳಕು ಬೆಳಗುವುದು ಸುತ್ತಲಿನ ಕತ್ತಲೆಯಿಂದ ಎಂಬುದನ್ನು ಗಮನಿಸಿ.

ನೀವು ನಂಜನಗೂಡಿನಲ್ಲಿರಿ, ತಿರುಮಕೂಡಲು ನರಸೀಪುರದಲ್ಲಿರಿ, ನಾಲ್ಕಾರು ಮನೆಯವರು ಭಾನುವಾರ ಒಂದು ಜಗಲಿಯ ಮೇಲೆ ಸೇರಿದರೆ ಅದೇ ತರಗತಿ. ಸಾಮಗ್ರಿಯೂ ಹೆಚ್ಚಿಲ್ಲ: ಹಳದಿ, ಕೆಂಪು, ನೀಲಿ ಎಂಬ ಮೂರು ಬಣ್ಣ, ಒಂದು ದಪ್ಪ, ಒಂದು ಸಣ್ಣ ಕುಂಚ, ಎರಡು ಲೋಟ ನೀರು, ಒಂದು ತೊಳೆಯಲು, ಇನ್ನೊಂದು ಬೆರೆಸಲು. ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. ತೆಳು ಹಾಳೆ ನೀರು ಕುಡಿದು ಸುಕ್ಕಾಗುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಒಳ್ಳೆಯದು. ಬಣ್ಣವೆಷ್ಟು ಬೇಕು? ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ನಂಬಿಕೆ. ಅಷ್ಟೇ ಗಾತ್ರದ ಬಣ್ಣ ಸಾಕು, ಉಳಿದದ್ದೆಲ್ಲ ನೀರಿನ ಕೆಲಸ.

ಮೊದಲ ದಿನ ಒಂದೇ ಒಂದು ಹಣತೆ ಬರೆಯಿರಿ. ಹಣತೆ, ಕುಡಿ ಎರಡನ್ನೂ ಪೆನ್ಸಿಲಿನಿಂದ ತೆಳುವಾಗಿ ಗುರುತಿಸಿ. ಕುಡಿಯ ನಡುವನ್ನು ಮುಟ್ಟಬೇಡಿ. ಅದರ ಸುತ್ತ ಬರಿಯ ನೀರು ಸವರಿ, ಅದು ಹಸಿಯಾಗಿರುವಾಗಲೇ ತೆಳು ಹಳದಿಯನ್ನು ತಾಕಿಸಿ. ಬಣ್ಣ ತಾನಾಗಿ ಹರಡಿಕೊಳ್ಳುತ್ತದೆ. ಇನ್ನು ಒಣಗಲು ಬಿಡಿ. ಕಾಗದಕ್ಕೆ ಮುಂಗೈ ತಾಗಿಸಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ ಎಂದರ್ಥ. ಒಣಗಿದ ಮೇಲೆ ಹಳದಿಯ ಹೊರ ಅಂಚಿಗೆ ಕಿತ್ತಳೆಯ ಬಳಸು, ಕೊನೆಗೆ ನೀಲಿಗೆ ಕೆಂಪು ಬೆರೆಸಿದ ಕತ್ತಲೆ. ಹಳದಿಯ ಮೇಲೆ ನೇರವಾಗಿ ನೀಲಿ ಎಳೆದರೆ ಹಸುರಾಗಿಬಿಡುತ್ತದೆ. ಅದಕ್ಕಾಗಿಯೇ ನಡುವೆ ಈ ಕಿತ್ತಳೆ. ಒಣಗಿದ ಬಣ್ಣ ಹಸಿಯಿದ್ದುದಕ್ಕಿಂತ ಮಂಕಾಗುವುದರಿಂದ ಕತ್ತಲೆಯನ್ನು ಧೈರ್ಯವಾಗಿ ಹಚ್ಚಿ.

ಹಣತೆ ಕೈಗೆ ಬಂದ ಮೇಲೆ ತೇರಿಗೆ ಹೋಗಬಹುದು. ಮಾರ್ಚ್–ಏಪ್ರಿಲ್ ಸುಮಾರಿನಲ್ಲಿ ನಡೆಯುವ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಬೀದಿಯಲ್ಲಿ ಸಾಗುತ್ತವೆ. ಐದನ್ನೂ ಬರೆಯಹೊರಟರೆ ಒಂದೂ ಸಿಕ್ಕುವುದಿಲ್ಲ. ಶ್ರೀಕಂಠೇಶ್ವರನ ಗೌತಮ ರಥವೊಂದನ್ನೇ ಹಿಡಿಯಿರಿ. ಅದರ ಒಟ್ಟು ಆಕಾರ ಮೊದಲು, ಅಲಂಕಾರ ಕೊನೆಗೆ. ಬಟ್ಟೆಯ ಬಿಳಿಯ ಪಟ್ಟಿಗಳನ್ನು ಕಾಗದಕ್ಕೇ ಬಿಡಿ. ನೆರೆದ ಜನಕ್ಕೆ ಕಣ್ಣು ಮೂಗು ಬೇಡ. ತಲೆಗೊಂದು ಚುಕ್ಕಿ, ಮೈಗೊಂದು ಎಳೆ. ಹಸಿಯ ಬಣ್ಣಗಳು ಒಂದಕ್ಕೊಂದು ಹರಿದರೆ ಜನಸಂದಣಿ ತಾನೇ ಮೂಡುತ್ತದೆ. ಆ ಬಿಸಿಲಿಗೆ ಬಣ್ಣ ಬೇಗ ಆರುವುದರಿಂದ ನೆರಳಿನಲ್ಲಿ ಕುಳಿತು ಬರೆಯಿರಿ.

ನಂಜನಗೂಡಿನ ಕಪಿಲೆ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. 1989ರಲ್ಲಿ ಆರಂಭವಾದ ಅಲ್ಲಿನ ಕುಂಭಮೇಳ 2025ರ ಫೆಬ್ರವರಿಯಲ್ಲಿಯೂ ನಡೆಯಿತು. ನೀರಿನ ಚಿತ್ರಕ್ಕೆ ಒಂದು ಸೂತ್ರ ನೆನಪಿಡಿ: ದಡದ ಕಪ್ಪು ವಸ್ತುವಿನ ನೆರಳು ನೀರಿನಲ್ಲಿ ಕೊಂಚ ತಿಳಿಯಾಗಿರುತ್ತದೆ, ಬೆಳಗುವ ವಸ್ತುವಿನ ನೆರಳು ಕೊಂಚ ಮಂಕಾಗಿರುತ್ತದೆ. ಇಷ್ಟು ಪಾಲಿಸಿದರೆ ಸಂಗಮದ ನೀರು ನೀರಾಗಿಯೇ ಕಾಣುತ್ತದೆ.

ಮನೆಯಲ್ಲಿ ಒಬ್ಬರೇ ಕುಳಿತು ಮಾಡಬಾರದೆ, ತರಗತಿಯೇಕೆ ಎಂದು ಕೇಳಬಹುದು. ನೀರುಬಣ್ಣದಲ್ಲಿ ಹಚ್ಚಿದ್ದನ್ನು ಪೂರ್ತಿ ಅಳಿಸಲಾಗದು. ಒಬ್ಬರೇ ಇದ್ದಾಗ ಮೊದಲ ಹಾಳೆ ಕೆಟ್ಟರೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಹತ್ತು ಹಾಳೆಗಳನ್ನು ಗೋಡೆಗೆ ಒರಗಿಸಿ ಎಲ್ಲರೂ ಒಟ್ಟಿಗೆ ನೋಡುವಾಗ, ನಿಮ್ಮದರಲ್ಲಿ ಕೆಸರಾದ ಹಳದಿ ಪಕ್ಕದ ಅಜ್ಜಿಯ ಹಾಳೆಯಲ್ಲಿ ಏಕೆ ಹೊಳೆಯಿತು ಎಂಬುದು ಕಣ್ಣಿಗೇ ಗೊತ್ತಾಗುತ್ತದೆ: ಆಕೆ ಒಣಗುವವರೆಗೆ ಕಾದಿದ್ದರು, ನೀವು ಕಾಯಲಿಲ್ಲ. ಕೂಟದಲ್ಲಿ ಒಂದು ಕಟ್ಟಳೆ ಇಟ್ಟುಕೊಳ್ಳಿ: ಪ್ರತಿ ಚಿತ್ರದಲ್ಲಿಯೂ ಮೊದಲು ಚೆನ್ನಾಗಿ ಬಂದದ್ದನ್ನು ಹೇಳುವುದು, ಆಮೇಲೆ ತಿದ್ದುವುದು. ಮಕ್ಕಳ ಹಾಳೆಯ ಮೇಲೆ ದೊಡ್ಡವರು ಕುಂಚವಾಡಿಸಕೂಡದು.

ಬರುವ ಹಬ್ಬಕ್ಕೆ ನೆಂಟರಿಷ್ಟರಿಗೆ ಕೊಂಡು ತಂದ ಶುಭಾಶಯ ಪತ್ರದ ಬದಲು ಅಂಗೈಯಗಲದ ಹಣತೆಯ ಚಿತ್ರವೊಂದನ್ನು ಕಳುಹಿಸಿ ನೋಡಿ. ಅದು ಸ್ವಲ್ಪ ಸೊಟ್ಟಗಿದ್ದರೂ ಚಿಂತೆಯಿಲ್ಲ. ಕುಡಿಯ ನಡುವಿನ ಬಿಳಿಯನ್ನು ಉಳಿಸಿಕೊಂಡಿದ್ದರೆ ದೀಪ ಉರಿಯುತ್ತದೆ.