ಕಾಮಾ ಒಂದೇ ಸಾಲದು

ಕಾಗವಾಡ ತಾಲೂಕಿನ ಮಂಗಸೂಳಿಯಂತಹ ಗಡಿಯೂರಿನಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳುತ್ತಾ ಬೆಳೆಯುತ್ತಾರೆ. ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷೂ ಇದೆ. ಆದರೂ ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಹಿಂಜರಿಯುತ್ತಾಳೆ. ಆಕೆಗೆ ಪದಗಳು ಗೊತ್ತು, ವಾಕ್ಯಗಳನ್ನು ಜೋಡಿಸುವುದೇ ಕಷ್ಟ. ಇದು ದಡ್ಡತನವಲ್ಲ.

ಗಮನಿಸಿ. 'ಮನೆಗೆ ಬಂದು, ಊಟ ಮಾಡಿ ಮಲಗಿದಳು' ಎನ್ನುತ್ತೇವೆ. ಉರ್ದುವಿನ 'ಆಕರ್, ಖಾಕರ್', ಮರಾಠಿಯ 'ಯೇಊನ್, ಜೇವೂನ್' ಕೂಡ ಹೀಗೆಯೇ. ಮೂರೂ ಭಾಷೆಗಳಲ್ಲಿ ಕ್ರಿಯಾಪದದ ಕೊನೆಯೇ ಗಂಟು ಹಾಕುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಆ ಗಂಟನ್ನು ಬೇರೆ ಪದದಿಂದಲೇ ಹಾಕಬೇಕು. ಅದು ತಿಳಿಯದ ಮಕ್ಕಳು ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ, ಅಂದರೆ ಕಾಮಾ ಇಟ್ಟುಬಿಡುತ್ತಾರೆ: 'ಇಟ್ ರೇನ್ಡ್, ದ ಬಸ್ ವಾಸ್ ಲೇಟ್.' ಇದು ತಪ್ಪು.

ಸರಿಪಡಿಸಲು ನಾಲ್ಕು ದಾರಿಗಳಿವೆ. ಕಾಮಾದ ಜಾಗದಲ್ಲಿ ಪೂರ್ಣವಿರಾಮ ಇಟ್ಟು ಎರಡು ವಾಕ್ಯ ಮಾಡಬಹುದು. ಕಾಮಾದ ಮುಂದೆ 'ಸೋ' ಸೇರಿಸಬಹುದು. ಸಂದರ್ಭಕ್ಕೆ ತಕ್ಕಂತೆ 'ಆ್ಯಂಡ್', 'ಬಟ್' ಕೂಡ ಆಗಬಹುದು. ಅರ್ಧವಿರಾಮ, ಅಂದರೆ ಸೆಮಿಕೋಲನ್ ಹಾಕಬಹುದು. ಇಲ್ಲವೇ 'ದ ಬಸ್ ವಾಸ್ ಲೇಟ್ ಬಿಕಾಸ್ ಇಟ್ ರೇನ್ಡ್' ಎನ್ನಬಹುದು. ಇಲ್ಲಿ ಕಾಮಾ ಬೇಡ. 'ಬಿಕಾಸ್' ಮೊದಲು ಬಂದರೆ ಆ ಭಾಗ ಮುಗಿದಲ್ಲಿ ಕಾಮಾ ಬೇಕು. ಆದರೆ ಒಂದು ಜೋಡಣೆಗೆ ಎರಡು ಗಂಟು ಬೇಡ. ಉರ್ದುವಿನಲ್ಲಿ 'ಅಗರ್ಚೆ' ಎಂದ ಮೇಲೆ 'ಲೇಕಿನ್' ಬರುತ್ತದೆ. ಇಂಗ್ಲಿಷಿನಲ್ಲಿ 'ದೋ' ಇದ್ದಲ್ಲಿ 'ಬಟ್' ಬರಬಾರದು.

ಇಷ್ಟು ಚಿಕ್ಕ ಚಿಹ್ನೆಗೆ ಇಷ್ಟೊಂದು ಮಹತ್ವವೇ ಎನ್ನಬೇಡಿ. ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನಿನ ಪಟ್ಟಿಯೊಂದರಲ್ಲಿ ಒಂದು ಕಾಮಾ ಇರಲಿಲ್ಲ. ಅರ್ಥ ಸ್ಪಷ್ಟವಿಲ್ಲವೆಂದು 2017ರಲ್ಲಿ ನ್ಯಾಯಾಲಯ ಹಾಲಿನ ಡೈರಿಯ ಚಾಲಕರ ಪರ ನಿಂತಿತು. 2018ರಲ್ಲಿ ಡೈರಿ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕುರ್‌ಆನ್ ಪಾರಾಯಣದಲ್ಲಿ 'ಮೀಮ್' ಕಂಡಲ್ಲಿ ನಿಲ್ಲುವ, 'ಲಾ' ಕಂಡಲ್ಲಿ ನಿಲ್ಲದೆ ಸಾಗುವ ನಮಗೆ, ನಿಲ್ಲುವ ಜಾಗ ತಪ್ಪಿದರೆ ಅರ್ಥವೂ ತಪ್ಪುತ್ತದೆಂದು ಬೇರೆ ಹೇಳಬೇಕಿಲ್ಲ.

ಸಹೋದರಿಯರೇ, ನಿಮಗೆ ಇಂಗ್ಲಿಷ್ ಬಾರದಿದ್ದರೂ ಮಗಳಿಗೆ ನೆರವಾಗಬಹುದು. ಅವಳ ನೋಟ್‌ಬುಕ್ಕಿನಲ್ಲಿ ಕಾಮಾ ಇರುವಲ್ಲಿ ಬೆರಳಿಟ್ಟು, ಅದರ ಹಿಂದಿನದರ ಮತ್ತು ಮುಂದಿನದರ ಅರ್ಥವನ್ನು ಬೇರೆಬೇರೆಯಾಗಿ ಹೇಳಲು ಕೇಳಿ. ಎರಡೂ ಪೂರ್ತಿ ಮಾತುಗಳಾಗಿದ್ದರೆ, 'ನಡುವೆ ಜೋಡಿಸುವ ಪದ ಎಲ್ಲಿ?' ಎಂದು ಕೇಳಿ. ಉತ್ತರವನ್ನು ಅವಳೇ ಹುಡುಕುತ್ತಾಳೆ.